ಗಾಡಿಯಲ್ಲಿ ಮಲಗುವವರ ಕ್ಷೇಮ

ಮನೆಯನ್ನೇ ಗಾಲಿಗಳ ಮೇಲೆ ಕಟ್ಟಿಕೊಂಡು ದೇಶ ಸುತ್ತುವ ಪದ್ಧತಿಯೊಂದು ಪಾಶ್ಚಾತ್ಯ ದೇಶಗಳಲ್ಲಿ ಬಹುದಿನಗಳಿಂದ ಬಳಕೆಯಲ್ಲಿದೆ. ಮಲಗಲು ಮಂಚ, ಅಡಿಗೆಗೆ ಒಲೆ, ಕೈಕಾಲು ತೊಳೆಯಲು ನೀರು, ಎಲ್ಲವೂ ಆ ಮೋಟಾರಿನೊಳಗೇ ಇರುತ್ತವೆ. ಅಮೆರಿಕದವರು ಅದನ್ನು ಆರ್.ವಿ. ಎನ್ನುತ್ತಾರೆ, ನಮ್ಮಲ್ಲಿ ಕ್ಯಾರವಾನ್ ಎಂಬ ಹೆಸರು ನಡೆಯುತ್ತಿದೆ. ಕೇರಳ ಸರ್ಕಾರವು 2021ರಲ್ಲಿ ಇದಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಬಿ.ಎ. ಮುಗಿಸಿ, ಕೆಲಸ ಹಿಡಿದು, ಅಂಥದೊಂದು ಗಾಡಿಯಲ್ಲಿ ಯೂರೋಪನ್ನು ಸುತ್ತಿಬರಬೇಕೆಂಬುದು ನನ್ನ ಸಹಪಾಠಿಗಳಲ್ಲಿ ಒಬ್ಬಿಬ್ಬರ ಕನಸು. ಕನಸಿಗೆ ಸುಂಕವಿಲ್ಲ, ಕಾಣಲಿ. ಆದರೆ ಆ ಮಾತು ಎಲ್ಲಿ ಹೊರಟರೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುವುದನ್ನು ನಾನು ಗಮನಿಸಿದ್ದೇನೆ. ಗುರುತಿಲ್ಲದ ದೇಶದಲ್ಲಿ, ರಸ್ತೆಯ ಪಕ್ಕದಲ್ಲಿ, ನಡುರಾತ್ರಿ ಯಾರೋ ಬಂದು ಬಾಗಿಲು ತಟ್ಟಿದರೆ ಗತಿಯೇನು?

ನಮ್ಮ ಮನೆಯಲ್ಲಿ ಈ ಪ್ರಶ್ನೆ ಹೊಸದಲ್ಲ. ನನ್ನ ತಂದೆ ಲಾರಿ ಚಾಲಕರು. ತರೀಕೆರೆ ಬೀರೂರುಗಳ ಅಡಿಕೆಯನ್ನೋ ಅಜ್ಜಂಪುರದ ಈರುಳ್ಳಿಯನ್ನೋ ಹೇರಿಕೊಂಡು ಹೊರಟರೆಂದರೆ ಹತ್ತು ಹನ್ನೆರಡು ದಿವಸ ಅವರಿಗೆ ಲಾರಿಯೇ ಮನೆ. ನನ್ನ ತಾಯಿಯ ಭೂಗೋಳದಲ್ಲಿ ಬೆಳಗಾವಿಯಿಂದಾಚೆಗೆ ಇರುವುದೆಲ್ಲ ‘ಪರದೇಶ’. ಅಲ್ಲಿ ಕನ್ನಡ ನಡೆಯುವುದಿಲ್ಲವಾದ್ದರಿಂದ ಆಕೆಯ ಮಾತನ್ನು ತಪ್ಪೆಂದು ಹೇಳಲಾರೆ. ಚಕ್ರದ ಮೇಲಿನ ಮನೆಯಲ್ಲಿ ಪರದೇಶ ತಿರುಗುವವರನ್ನು ನೋಡಲು ನಾವು ಯೂರೋಪಿಗೆ ಹೋಗಬೇಕಾಗಿಲ್ಲ. ಯಾವ ರಾತ್ರಿಯಾದರೂ ಹತ್ತು ಗಂಟೆಯ ಮೇಲೆ ಕಡೂರು–ತರೀಕೆರೆ ರಸ್ತೆಗೆ ಬಂದರೆ ಸಾಕು. ಹಳಬರು ಈಗಲೂ 206 ಎಂದೇ ಕರೆಯುವ, ಈಗ 69 ಎಂಬ ಅಂಕಿ ಪಡೆದಿರುವ ಆ ಹೆದ್ದಾರಿಯ ಅಂಚಿನಲ್ಲಿ, ಬೇರೆ ಬೇರೆ ರಾಜ್ಯಗಳ ನಂಬರು ಹೊತ್ತ ಲಾರಿಗಳು ದೀಪ ಆರಿಸಿ ನಿಂತಿರುತ್ತವೆ. ಒಳಗೆ ಮನುಷ್ಯರು ಮಲಗಿರುತ್ತಾರೆ. ನಮ್ಮೂರು ಅವರಿಗೆ ಪರದೇಶ.

ಹೀಗೆ ಮಲಗುವುದಕ್ಕೂ ಒಂದು ವಿದ್ಯೆ ಬೇಕು. ತಲೆ ಚಾಲಕನ ಬಾಗಿಲ ಕಡೆಗೆ ಇರಬೇಕು. ಕಿಟಕಿ ನಾಲ್ಕು ಬೆರಳು ಮಾತ್ರ ತೆರೆದಿರಬೇಕು. ಟಾರ್ಪಾಲಿನ ಹಗ್ಗದ ಒಂದು ತುದಿಯನ್ನು ಒಳಗೆ ತಂದು ಕಾಲಿಗೆ ಸುತ್ತಿಕೊಂಡಿರಬೇಕು, ಹಿಂದೆ ಯಾರಾದರೂ ಹಗ್ಗ ಬಿಚ್ಚಿದರೆ ಎಚ್ಚರವಾಗುವಂತೆ. ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಬೀಗ, ಸ್ಟೆಪ್ನಿಗೆ ಸರಪಣಿ, ಬ್ಯಾಟರಿಯ ಪೆಟ್ಟಿಗೆ ಗೋಡೆಯ ಕಡೆಗೆ ಬರುವಂತೆ ಲಾರಿಯನ್ನು ತಿರುಗಿಸಿ ನಿಲ್ಲಿಸುವುದು. ಇಷ್ಟೆಲ್ಲ ಮಾಡಿಯೂ ಒಂದು ಸಲ, ನಮ್ಮ ರಾಜ್ಯದಿಂದ ಬಹುದೂರದಲ್ಲಿ, ನೂರು ಲೀಟರಿಗೂ ಮೇಲ್ಪಟ್ಟು ಡೀಸೆಲನ್ನು ಯಾರೋ ಹೀರಿಕೊಂಡು ಹೋಗಿದ್ದರು. ಬೆಳಗಿನ ಜಾವ ಎದ್ದು ಹತ್ತಿರದ ಠಾಣೆಗೆ ಹೋದರೆ, ಆ ಜಾಗ ತಮ್ಮ ಸರಹದ್ದಿಗೆ ಸೇರಿಲ್ಲವೆಂದು ಇನ್ನೊಂದು ಠಾಣೆಗೆ ಕಳಿಸಿದರು. ಅಲ್ಲಿಯೂ ಅದೇ ಮಾತು. ಅರ್ಧ ದಿವಸ ಕಳೆಯಿತು. ಡೀಸೆಲಿನ ಬೆಲೆಯನ್ನು ಲಾರಿಯ ಮಾಲೀಕರು ಕೂಲಿಯಲ್ಲಿ ಮುರಿದುಕೊಂಡರು. ಆ ತಿಂಗಳು ನನ್ನ ಪರೀಕ್ಷಾ ಶುಲ್ಕ ಕಟ್ಟುವ ದಿನವಿತ್ತು. ಅದು ಹೇಗೋ ಆಯಿತು.

ಸರಹದ್ದಿನ ಈ ತಾಪತ್ರಯಕ್ಕೆ ಈಗ ಕಾನೂನಿನಲ್ಲಿ ಉತ್ತರವಿದೆ. ಚಾಲಕರ ಮನೆಯವರಿಗೆಲ್ಲ ಗೊತ್ತಿರತಕ್ಕ ವಿಷಯವಾದ್ದರಿಂದ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮೊಬೈಲಿನಿಂದಲೂ ದೂರು ಕಳಿಸಬಹುದು. ಮೂರು ದಿವಸದೊಳಗೆ ಸಹಿ ಹಾಕಿದರೆ ಆಯಿತು. ಎಲ್ಲ ರಾಜ್ಯಗಳಿಗೂ ತುರ್ತು ಕರೆಯ ಸಂಖ್ಯೆ 112; ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ಇವನ್ನು ನನ್ನ ತಂದೆಯ ಲಾರಿಯ ಕನ್ನಡಿಯ ಕೆಳಗೆ ನಾನೇ ಬಣ್ಣದಲ್ಲಿ ಬರೆದಿದ್ದೇನೆ.

ಇನ್ನು ಹೇರಿದ ಸರಕಿನ ಮಾತು. ಅಡಿಕೆಯ ಧಾರಣೆ ಕ್ವಿಂಟಾಲಿಗೆ 40 ಸಾವಿರವೆಂದು ಹಿಡಿದರೂ 15 ಟನ್ನಿನ ಲಾರಿಯಲ್ಲಿ 60 ಲಕ್ಷ ರೂಪಾಯಿ ನಿದ್ದೆ ಮಾಡುತ್ತಿರುತ್ತದೆ. ಅದರ ಮುಂದೆ ಒಬ್ಬನೇ ಮನುಷ್ಯ, ಒಂದು ಟಾರ್ಚು. ಹಿಂದೆ ಜೊತೆಗೊಬ್ಬ ಕ್ಲೀನರ್ ಇರುತ್ತಿದ್ದ. ರಾಷ್ಟ್ರೀಯ ಪರವಾನಗಿಯ ಲಾರಿಗಳಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವೂ ಇತ್ತು. ಆ ನಿಯಮವನ್ನು 2018ರಲ್ಲಿ ಕೈಬಿಟ್ಟರು. ಸಾಗಣೆಯ ಖರ್ಚು ಇಳಿಯಿತು, ಒಪ್ಪೋಣ. ರಾತ್ರಿ ಸರದಿಯಲ್ಲಿ ಎಚ್ಚರವಿರುತ್ತಿದ್ದ ಒಂದು ಜೊತೆ ಕಣ್ಣುಗಳೂ ಇಳಿದುಹೋದವು.

ಜೊತೆಯವನಿಲ್ಲದ ಪ್ರಯಾಣಿಕನಿಗೆ ಅಪಾಯ ಬರುವುದು ಹೆಚ್ಚಾಗಿ ಜೊತೆಗಾರನ ವೇಷದಲ್ಲಿಯೇ. ನನ್ನ ತಂದೆ ಹೇಳುವ ಮಾತನ್ನು ಅವರ ಬಾಯಲ್ಲಿಯೇ ಕೇಳಬೇಕು: “ಕತ್ತಿ ಹಿಡ್ಕಂಡು ಬರೋನು ಅಪರೂಪ ಕಣವ್ವ. ‘ಅಣ್ಣಾ, ಹಿಂದಿನ ಟೈರು ಹೋಗೈತೆ’ ಅಂತ ಕೈ ತೋರಿಸ್ತಾನೆ ನೋಡು, ಅವನಿಗೆ ಹೆದರ್ಕಾಬೇಕು.” ಸ್ಪೇನಿನ ಹೆದ್ದಾರಿಗಳಲ್ಲಿಯೂ ಇದೇ ಉಪಾಯ ನಡೆಯುತ್ತದೆಂದು ಓದಿ ನನಗೆ ನಗು ಬಂತು. ಪರದೇಶದ ನಂಬರಿನ ಗಾಡಿಯನ್ನು ಕಂಡರೆ, ನಿಮ್ಮ ಗಾಡಿಯಲ್ಲೇನೋ ಕೆಟ್ಟಿದೆಯೆಂದು ಸನ್ನೆ ಮಾಡಿ ನಿಲ್ಲಿಸಿ ಲೂಟಿ ಮಾಡುತ್ತಾರೆಂದು ಬ್ರಿಟಿಷ್ ಸರ್ಕಾರ ತನ್ನ ಪ್ರಜೆಗಳನ್ನು ಎಚ್ಚರಿಸಿದೆ. ವಿದ್ಯೆ ಹಳೆಯದು. ಮೆಡೋಸ್ ಟೇಲರನು 1839ರಲ್ಲಿ ಪ್ರಕಟಿಸಿದ ಠಕ್ಕರ ಕಾದಂಬರಿಯನ್ನು ಓದಿದವರಿಗೆ ಗೊತ್ತಿದೆ. ಠಕ್ಕರು ಪೊದೆಯಿಂದ ಹಾರಿ ಬೀಳುತ್ತಿರಲಿಲ್ಲ. ‘ಒಂಟಿಯಾಗಿ ಹೋಗಬೇಡಿ, ದಾರಿಯಲ್ಲಿ ಕಳ್ಳರಿದ್ದಾರೆ’ ಎಂದು ಪ್ರಯಾಣಿಕರಿಗೆ ಅವರೇ ಬುದ್ಧಿ ಹೇಳಿ ಜೊತೆ ಸೇರಿಕೊಳ್ಳುತ್ತಿದ್ದರು.

ನಿಜವಾದ ಉಪಾಯ ಇಷ್ಟು ಸಾಧಾರಣವಾಗಿರುವಾಗ ಜನ ನಂಬುವುದು ಮಾತ್ರ ಅದ್ಭುತಗಳನ್ನು. ನಮ್ಮ ಕಡೆ ‘ಮಂಕುಬೂದಿ ಎರಚಿದರು’ ಎಂಬ ಮಾತಿದೆ. ಯೂರೋಪಿನ ಕ್ಯಾರವಾನಿಗರಲ್ಲಿಯೂ ಅದರ ತಮ್ಮನೊಬ್ಬನಿದ್ದಾನೆ: ಕಳ್ಳರು ಕಿಟಕಿಯ ಸಂದಿಯಿಂದ ಮತ್ತಿನ ಅನಿಲ ಬಿಟ್ಟು, ಒಳಗಿದ್ದವರಿಗೆ ಎಚ್ಚರ ತಪ್ಪಿಸಿ ದೋಚಿದರೆಂಬ ಕಥೆ. ಬ್ರಿಟನ್ನಿನ ಅರಿವಳಿಕೆ ವೈದ್ಯರ ರಾಯಲ್ ಕಾಲೇಜು ಇದನ್ನು ವಿಚಾರ ಮಾಡಿ, ಒಳಗಿದ್ದವರಿಗೆ ತಿಳಿಯದಂತೆ ಕಿಟಕಿಯಿಂದ ಈಥರನ್ನೋ ಕ್ಲೋರೋಫಾರಮನ್ನೋ ಊದಿ ಎಚ್ಚರ ತಪ್ಪಿಸುವುದು ಸಾಧ್ಯವಿಲ್ಲವೆಂದು ಹೇಳಿತು. ಹದಿನಾಲ್ಕು ಗಂಟೆ ಸ್ಟಿಯರಿಂಗು ಹಿಡಿದವನಿಗೆ ಯಾವ ಬೂದಿಯೂ ಬೇಕಾಗಿಲ್ಲ, ಬಳಲಿಕೆಯೇ ಸಾಕು. ಬಿಸಿಲು ಕಾಲದಲ್ಲಿ ಸೆಕೆ ತಾಳದೆ ಅವನು ಕಿಟಕಿಯನ್ನು ಪೂರ್ತಿ ಇಳಿಸುತ್ತಾನೆ. ಕಳ್ಳನಿಗೆ ಬೇಕಾದ್ದು ಅಷ್ಟೆ. 2025ರಿಂದ ತಯಾರಾಗುವ ಭಾರದ ಲಾರಿಗಳಲ್ಲಿ ಚಾಲಕನ ಕೋಣೆಗೆ ಹವಾನಿಯಂತ್ರಣ ಇರಬೇಕೆಂದು ಸರ್ಕಾರ ಮಾಡಿರುವ ನಿಯಮ ಒಳ್ಳೆಯದೇ. ಆದರೆ ರಾತ್ರಿಯೆಲ್ಲ ಇಂಜಿನ್ನು ನಡೆಸಿ ಡೀಸೆಲ್ ಸುಡಲು ಯಾವ ಮಾಲೀಕ ಒಪ್ಪುತ್ತಾನೆ? (ತಿಂದ ಬಿಸ್ಕತ್ತು, ಕುಡಿದ ಚಹಾದಲ್ಲಿ ಮತ್ತು ಬೆರೆಸುವುದು ಬೇರೆ ಮಾತು; ಅದು ಕಥೆಯಲ್ಲ, ರೈಲಿನಲ್ಲಿ ಹೋಗುವವರಿಗೂ ಗೊತ್ತು.)

ಕಾನೂನು ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಸುಲಿಗೆಗೆ ಹತ್ತು ವರ್ಷದವರೆಗೆ ಕಠಿಣ ಸಜೆ. ಅದೇ ಸುಲಿಗೆ ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವುದಕ್ಕೆ ಮೊದಲು, ಹೆದ್ದಾರಿಯ ಮೇಲೆ ನಡೆದರೆ ಹದಿನಾಲ್ಕು ವರ್ಷದವರೆಗೆ. 1860ರ ದಂಡಸಂಹಿತೆಯ 392ನೆಯ ಕಲಮಿನಲ್ಲಿದ್ದ ಈ ಮಾತನ್ನು ಈಗಿನ ಭಾರತೀಯ ನ್ಯಾಯ ಸಂಹಿತೆಯ 309ನೆಯ ಕಲಮಿನಲ್ಲಿಯೂ ಹಾಗೆಯೇ ಉಳಿಸಿಕೊಂಡಿದ್ದಾರೆ. ಇರುಳು ದಾರಿಯಲ್ಲಿರುವವನು ಹೆಚ್ಚು ಅಸಹಾಯಕನೆಂಬುದನ್ನು ನೂರಅರವತ್ತು ವರ್ಷಗಳಿಂದ ನಮ್ಮ ಕಾನೂನು ಬಲ್ಲದು. ಬಲ್ಲದಾದರೂ ಅದರ ಕೈಯಲ್ಲಿರುವುದು ಸೆರೆಮನೆಯ ಬೀಗ. ಲಾರಿ ನಿಂತ ಜಾಗಕ್ಕೆ ಒಂದು ದೀಪ ಹಚ್ಚುವುದು ಅದರ ಕೆಲಸವಲ್ಲ. ಹಾಗಾದರೆ ಯಾರ ಕೆಲಸ? ನಾನು ಕೇಳಬೇಕೆಂದಿರುವುದು ಇದನ್ನೇ.

ಅಮೆರಿಕದಲ್ಲಿ 2009ರಲ್ಲಿ ಒಬ್ಬ ಲಾರಿ ಚಾಲಕ ಸರಕು ಇಳಿಸುವ ಜಾಗಕ್ಕೆ ಹೊತ್ತಿಗೆ ಮೊದಲೇ ತಲುಪಿದ. ಒಳಗೆ ನಿಲ್ಲಲು ಅವಕಾಶವಿರಲಿಲ್ಲ. ಹತ್ತಿರದಲ್ಲಿ ಪಾಳುಬಿದ್ದಿದ್ದ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಮಲಗಿದ. ಅಲ್ಲಿಯೇ ಅವನನ್ನು ಕೊಂದರು. ಕಳ್ಳನಿಗೆ ಸಿಕ್ಕಿದ್ದು ಏಳು ಡಾಲರು. ಅವನ ಹೆಂಡತಿ ಆಗ ತುಂಬಿದ ಬಸುರಿ. ಆಕೆ ಸುಮ್ಮನಿರಲಿಲ್ಲ. ಮೂರು ವರ್ಷ ಓಡಾಡಿ, 2012ರಲ್ಲಿ ಚಾಲಕರ ಸುರಕ್ಷಿತ ತಂಗುದಾಣಗಳಿಗೆ ಹಣ ಒದಗಿಸುವ ಶಾಸನವನ್ನು ಅಲ್ಲಿನ ಸಂಸತ್ತಿನಲ್ಲಿ ಮಾಡಿಸಿದಳು. ಅದನ್ನು ಅವನ ಹೆಸರಿನಿಂದ ‘ಜೇಸನ್ ಕಾನೂನು’ ಎನ್ನುತ್ತಾರೆ. ಅವನು ಎದೆಗೇಡಿಯೂ ಅಲ್ಲ, ಮೈಮರೆತವನೂ ಅಲ್ಲ. ಅವನಿಗೆ ನಿಲ್ಲಲು ಜಾಗವಿರಲಿಲ್ಲ.

ನಮ್ಮಲ್ಲಿ ಇದಕ್ಕಿಂತ ಅರ್ಧ ಶತಮಾನ ಮೊದಲೇ, 1961ರಲ್ಲಿ, ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬಂದಿತ್ತು. ಕೆಲಸಗಾರರು ರಾತ್ರಿ ತಂಗಬೇಕಾದ ಊರುಗಳಲ್ಲಿ ಮಾಲೀಕನು ಅವರಿಗೆ ವಿಶ್ರಾಂತಿಗೃಹ ಒದಗಿಸತಕ್ಕದ್ದು ಎಂದು ಅದು ಹೇಳಿತು. ಆದರೆ ಅದು ಅನ್ವಯಿಸಿದ್ದು ಐದು ಅಥವಾ ಹೆಚ್ಚು ಜನ ಕೆಲಸಗಾರರಿದ್ದ ಸಂಸ್ಥೆಗಳಿಗೆ. ನಮ್ಮ ಕಡೆ ಒಂದು ಲಾರಿ, ಎರಡು ಲಾರಿ ಇಟ್ಟುಕೊಂಡವರೇ ಬಹಳ. ಆ ವಿಶ್ರಾಂತಿಗೃಹವನ್ನು ನನ್ನ ತಂದೆ ಇದುವರೆಗೆ ಕಂಡಿಲ್ಲ.

ಮಾಲೀಕ ಮಾಡಲಾರ, ಚಾಲಕ ಮಾಡಿಕೊಳ್ಳಲಾರ ಎಂದ ಮೇಲೆ ಉಳಿಯುವುದು ಊರು. ಈ ಮಾತು ನನ್ನ ಸ್ವಂತದ್ದೆಂದು ಯಾರೂ ಗದರಿಸಬಾರದೆಂದು ಕೌಟಿಲ್ಯನನ್ನು ಕರೆತರುತ್ತೇನೆ. ಅವನ ಅರ್ಥಶಾಸ್ತ್ರವನ್ನು ಲೋಕಕ್ಕೆ ಮೊದಲು ಅಚ್ಚುಮಾಡಿ ಕೊಟ್ಟವರು ಮೈಸೂರಿನ ಆರ್. ಶಾಮಾಶಾಸ್ತ್ರಿಗಳು, 1909ರಲ್ಲಿ, ಆದುದರಿಂದ ಅವನು ನಮಗೆ ಅಷ್ಟೇನೂ ಹೊರಗಿನವನಲ್ಲ. ಅದರ ನಾಲ್ಕನೆಯ ಅಧಿಕರಣದಲ್ಲಿ ಸಾರ್ಥರ, ಅಂದರೆ ಸರಕು ಹೇರಿಕೊಂಡು ಸಂಚರಿಸುವ ವ್ಯಾಪಾರಿಗಳ, ವಿಷಯವಾಗಿ ಹೀಗೊಂದು ಏರ್ಪಾಡು ಇದೆ. ಅವರು ತಾವು ತಂದಿರುವ ಸರಕಿನ ಬೆಲೆಯನ್ನು ತಿಳಿಸಿ ಊರೊಳಗೆ ತಂಗಬೇಕು. ಹಾಗೆ ತಂಗಿದವರ ಸರಕು ರಾತ್ರಿ ಕಳುವಾದರೆ ಗ್ರಾಮದ ಒಡೆಯನು ನಷ್ಟ ಕಟ್ಟಿಕೊಡಬೇಕು. ಊರೂರಿನ ನಡುವೆ ಕಳುವಾದರೆ ಹುಲ್ಲುಗಾವಲಿನ ಅಧಿಕಾರಿ ಕೊಡಬೇಕು. ಸರಹದ್ದು ಇತ್ಯರ್ಥವಾಗದಿದ್ದರೆ ಸುತ್ತಲಿನ ಐದು ಊರುಗಳೋ ಹತ್ತು ಊರುಗಳೋ ಹೊಣೆ.

ಹುಲ್ಲುಗಾವಲಿನ ಅಧಿಕಾರಿ ಎಂಬಲ್ಲಿ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದೆ. ನಮ್ಮ ಸೀಮೆಯಲ್ಲಿ ಹುಲ್ಲುಗಾವಲಿಗೆ ಇರುವ ಹೆಸರೇ ‘ಕಾವಲು’. ಅಜ್ಜಂಪುರ, ಬೀರೂರು, ಕಡೂರುಗಳ ಸುತ್ತ ಅಮೃತಮಹಲ್ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಕಾದಿಟ್ಟ ಬಯಲುಗಳನ್ನು ನಾವು ಈಗಲೂ ಕಾವಲು ಎಂದೇ ಕರೆಯುತ್ತೇವೆ. ಮೇಯುವ ದನಕ್ಕೆ ಕಾವಲುಗಾರನಿದ್ದ ನಾಡಿನಲ್ಲಿ ಮಲಗಿದ ಮನುಷ್ಯನಿಗೆ ಒಬ್ಬನಿರಬಾರದೆ?

ಕೌಟಿಲ್ಯನ ಏರ್ಪಾಡಿನಲ್ಲಿ ನನಗೆ ಮೆಚ್ಚಿಕೆಯಾದದ್ದು ಎರಡೂ ಕಡೆಗೆ ಅವನು ಭಾರ ಹೊರಿಸಿರುವುದು. ಪ್ರಯಾಣಿಕನು ಗುಟ್ಟಾಗಿ ಎಲ್ಲಿಯೋ ಕತ್ತಲಲ್ಲಿ ತಂಗಬಾರದು, ಬಂದಿದ್ದೇನೆಂದು ಹೇಳಬೇಕು. ಹೇಳಿದವನನ್ನು ಊರು ಕಾಯಬೇಕು. ಈಗ ಏನಾಗಿದೆ ನೋಡಿ. ಲಾರಿಯಲ್ಲಿರುವ ಸರಕು ಯಾವುದು, ಬೆಲೆಯೆಷ್ಟು ಎಂಬುದು 2018ರಿಂದ ಇ-ವೇ ಬಿಲ್ಲಿನ ಮೂಲಕ ತೆರಿಗೆ ಇಲಾಖೆಗೆ ಗೊತ್ತಿರುತ್ತದೆ. ಎಷ್ಟು ಹೊತ್ತಿಗೆ ಯಾವ ಸುಂಕದಕಟ್ಟೆ ದಾಟಿತೆಂಬುದು 2021ರಲ್ಲಿ ಕಡ್ಡಾಯವಾದ ಫಾಸ್ಟ್ಯಾಗಿನಿಂದ ಹೆದ್ದಾರಿಯವರಿಗೆ ಗೊತ್ತಿರುತ್ತದೆ. ದುಡ್ಡು ವಸೂಲು ಮಾಡುವವರಿಗೆಲ್ಲ ಅವನ ಸುದ್ದಿ ಇದೆ. ಅವನು ಮಲಗಿರುವ ಊರಿಗೆ ಮಾತ್ರ ಇಲ್ಲ. ಹೆದ್ದಾರಿಯನ್ನು ನಾಲ್ಕು ಸಾಲಿಗೆ ಅಗಲ ಮಾಡುತ್ತ ಕಡೂರು ಬೀರೂರುಗಳ ಹೊರಗೆ ಬಳಸುದಾರಿ ಹಾಕಿದ ಮೇಲಂತೂ, ದಾರಿಗೂ ಊರಿಗೂ ಮುಖಪರಿಚಯವೇ ತಪ್ಪುತ್ತಿದೆ. ಧೂಳು ಕಡಿಮೆಯಾಯಿತೆಂದು ನಾವು ಸಂತೋಷಪಟ್ಟೆವು. ಹೋಟೆಲಿನ ದೀಪದ ಕೆಳಗೆ ನಿಲ್ಲುತ್ತಿದ್ದ ಲಾರಿಗಳು ಹೊಲದ ಕತ್ತಲಿಗೆ ಸರಿದವೆಂಬುದು ನಮ್ಮ ಲೆಕ್ಕಕ್ಕೆ ಬರಲಿಲ್ಲ.

ಲಾರಿಯವರ ಮಾತೇ ಆಯಿತೆಂದು ಓದುಗರು ಬೇಸರಿಸಬಾರದು. ಧರ್ಮಸ್ಥಳಕ್ಕೋ ಸಿಗಂದೂರಿಗೋ ಟೆಂಪೋ ಮಾಡಿಕೊಂಡು ಹೋಗುವ ಸಂಸಾರಗಳು, ಕೆಮ್ಮಣ್ಣುಗುಂಡಿ ಕಲ್ಲತ್ತಿಗಿರಿಗಳನ್ನು ನೋಡಲು ಬಂದು ಕೋಣೆ ಸಿಗದೆ ಕಾರಿನಲ್ಲಿಯೇ ಬೆಳಗು ಮಾಡುವ ಹುಡುಗರು, ಇವರೂ ಗಾಡಿಯಲ್ಲಿ ಮಲಗುವವರೇ. ಟೆಂಪೋದಲ್ಲಿ ಹೆಂಗಸರು ಹತ್ತು ಜನರಿದ್ದರೆ ಅವರ ಮೊದಲ ಭಯ ಕಳ್ಳನದಲ್ಲ. ಶೌಚಕ್ಕೆ ಕತ್ತಲಲ್ಲಿ ಎಷ್ಟು ದೂರ ಹೋಗಬೇಕು, ಯಾರನ್ನು ಜೊತೆಗೆ ಕರೆಯಬೇಕು ಎಂಬುದು. ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟು ಪ್ರಯಾಣ ಮಾಡುವ ವಿದ್ಯೆ ನಮ್ಮ ತಾಯಂದಿರಿಗೆಲ್ಲ ಬರುತ್ತದೆ. ಅದನ್ನು ಯಾವ ಪ್ರವಾಸ ನೀತಿಯಲ್ಲಿಯೂ ಬರೆದಿಲ್ಲ.

ಜಪಾನು ದೇಶದಲ್ಲಿ 1993ರಿಂದ ‘ಮಿಚಿ-ನೊ-ಎಕಿ’ ಎಂಬ ಏರ್ಪಾಡು ಇದೆ. ದಾರಿಯ ನಿಲ್ದಾಣ ಎಂದು ಅರ್ಥ. ಸಾವಿರಕ್ಕೂ ಮಿಕ್ಕಿ ಇಂಥ ನಿಲ್ದಾಣಗಳಿವೆ. ಗಾಡಿ ನಿಲ್ಲಿಸುವ ಜಾಗ, ಶೌಚಾಲಯ, ದೂರವಾಣಿ ಹಗಲಿರುಳೂ ತೆರೆದಿರುತ್ತವೆ. ಬಳಲಿದ ಚಾಲಕ ಕಣ್ಣು ಮುಚ್ಚಿ ಒರಗಬಹುದು. ಹಗಲು ಅಲ್ಲಿಯೇ ಸುತ್ತಲಿನ ರೈತರು ತಮ್ಮ ಬೆಳೆಯನ್ನು ಮಾರುತ್ತಾರೆ. ಊರಿಗೆ ಲಾಭ, ದಾರಿಹೋಕನಿಗೆ ಕ್ಷೇಮ. ನಮ್ಮಲ್ಲಿಯೂ ಪೆಟ್ರೋಲ್ ಬಂಕುಗಳ ಪಕ್ಕದಲ್ಲಿ ‘ಅಪ್ನಾ ಘರ್’ ಎಂಬ ಹೆಸರಿನಿಂದ ಚಾಲಕರ ತಂಗುದಾಣಗಳನ್ನು ತೈಲ ಕಂಪನಿಗಳು ಕಟ್ಟತೊಡಗಿವೆ. ಅವು ಬೆಳೆಯಲಿ. ಆದರೆ ಮೂರು ನಾಲ್ಕು ತಾಲ್ಲೂಕಿಗೆ ಒಂದು ಬರುವುದನ್ನು ಕಾಯುತ್ತ ಕುಳಿತರೆ ನನ್ನ ತಂದೆಗೆ ವಯಸ್ಸಾಗಿಬಿಡುತ್ತದೆ.

ಕಾಯಬೇಕಾದ್ದೇನೂ ಇಲ್ಲವೆಂದು ನನ್ನ ಅಭಿಪ್ರಾಯ. ಕಡೂರು ತರೀಕೆರೆಗಳಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣಗಳಿವೆ. ಲಾರಿ ತಿರುಗಿಸಲು ಸಾಕಾಗುವ ಬಯಲು, ಸುತ್ತ ಗೋಡೆ, ಗೇಟು. ಹಗಲೆಲ್ಲ ಗಜಿಬಿಜಿ; ಸಂಜೆಯಾದರೆ ಖಾಲಿ. ಆ ಗೇಟಿನೊಳಗೆ ರಾತ್ರಿ ಎಂಟರಿಂದ ಬೆಳಗಿನ ಆರರವರೆಗೆ ಗಾಡಿಗಳಿಗೆ ತಂಗಲು ಅವಕಾಶ ಕೊಟ್ಟು, ಗಾಡಿಯ ನಂಬರು, ಚಾಲಕನ ಹೆಸರು, ಮನೆಯ ದೂರವಾಣಿ ಇಷ್ಟನ್ನು ಒಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಎರಡು ದೊಡ್ಡ ದೀಪ, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಬೀಗ ಹಾಕಿಕೊಳ್ಳಬಹುದಾದ ಶೌಚಾಲಯ, ಒಂದು ನಲ್ಲಿ. ಬಾಡಿಗೆ ಐವತ್ತು ರೂಪಾಯಿ ಇರಲಿ. ಬಡ ಚಾಲಕರು ಐವತ್ತು ರೂಪಾಯಿ ಕೊಡುತ್ತಾರೆಯೇ ಎಂದು ಕೇಳುವವರಿದ್ದಾರೆ. ನಾನು ನನ್ನ ತಂದೆಯನ್ನು ಕೇಳಿದೆ. “ಬಾಗ್ಲು ಹಾಕ್ಕಂಡು ಕಾಲಿಗೆ ಹಗ್ಗ ಇಲ್ದಂಗೆ ಮಲಗಾಕೆ ನೂರಾದ್ರೂ ಕೊಡ್ತೀನಿ ಕಣವ್ವ” ಎಂದರು. ಹೊರಗಿನವರನ್ನು ಒಳಗೆ ಬಿಟ್ಟರೆ ಪ್ರಾಂಗಣದ ಸರಕಿಗೆ ಅಪಾಯವೆನ್ನುವವರಿಗೂ ಉತ್ತರ ಆ ರಿಜಿಸ್ಟರೇ. ಹೆಸರು ಬರೆಸಿ ಒಳಗೆ ಬಂದವನಿಗಿಂತ ಹೆಸರಿಲ್ಲದೆ ಗೋಡೆಯಾಚೆ ನಿಂತವನೇ ಹೆಚ್ಚು ಅಪಾಯದವನು.

ಅಜ್ಜಂಪುರದ ಕಡೆ ಈರುಳ್ಳಿ ಕೀಳುವ ಕಾಲ ಬಂದರೆ ಪರಊರಿನ ಲಾರಿಗಳು ಸಾಲಾಗಿ ಬಂದು ಒಂದೆರಡು ರಾತ್ರಿ ಇಲ್ಲಿಯೇ ನಿಲ್ಲುತ್ತವೆ. ಆ ಸುಗ್ಗಿಗೆ ಮೊದಲು ಒಂದೇ ಒಂದು ಪ್ರಾಂಗಣದ ಗೇಟನ್ನು ಒಂದು ತಿಂಗಳ ಮಟ್ಟಿಗೆ ತೆರೆದು ಪರೀಕ್ಷೆ ಮಾಡಿ ನೋಡಲೆಂದು ಸಂಬಂಧಪಟ್ಟವರನ್ನು ಈ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ರಿಜಿಸ್ಟರು ಬರೆಯಲು ಜನವಿಲ್ಲವೆಂದರೆ ನಮ್ಮ ಕಾಲೇಜಿನ ಎನ್.ಎಸ್.ಎಸ್. ವಿದ್ಯಾರ್ಥಿಗಳು ಸರದಿಯಂತೆ ಬರುತ್ತೇವೆ. ಒಂಬತ್ತು ಗಂಟೆಯವರೆಗೆ ಹುಡುಗಿಯರು ಕೂರುತ್ತೇವೆ, ಅಲ್ಲಿಂದ ಮುಂದೆ ಹುಡುಗರು ಕೂರಲಿ. ಒಂಬತ್ತೇ ಏಕೆ ಎಂಬುದು ಇನ್ನೊಂದು ಲೇಖನದ ವಿಷಯ.